ಇಡ್ಲಿ ಇಳಿಯುವ ಹೊತ್ತು

ಹೋಟೆಲಿನವರ ಮಕ್ಕಳಿಗೆ ಬೇರೆಯವರ ಹೋಟೆಲಿಗೆ ಮುಂದಿನ ಬಾಗಿಲಿನಿಂದ ಹೋಗುವುದು ಒಗ್ಗುವುದಿಲ್ಲ. ನಮ್ಮ ಹೋಟೆಲಿನಲ್ಲಿ ಅಡುಗೆಗಿದ್ದ ಬಾಬಣ್ಣ ಈಗ ಕೆಲಸ ಮಾಡುವ ಕೋಡಂಬಾಕ್ಕಂನ ಹೋಟೆಲಿಗೆ ಕಳೆದ ಭಾನುವಾರ ಹೋದಾಗ ನಾನು ಪಕ್ಕದ ಓಣಿಗೆ ತಿರುಗಿ, ಗ್ಯಾಸ್ ಸಿಲಿಂಡರುಗಳನ್ನು ದಾಟಿ ಹಿಂದಿನಿಂದಲೇ ಒಳಗೆ ಕಾಲಿಟ್ಟೆ. ಮಳೆ ಆಗತಾನೇ ಬಂದು ನಿಂತಿತ್ತು. ಅಡುಗೆಮನೆಯ ಬಾಗಿಲಲ್ಲಿ ಆ ವಾಸನೆ ಎದುರಾಯಿತು: ಬೇಯುತ್ತಿರುವ ಹಿಟ್ಟು, ತಟ್ಟೆಗೆ ಹಾಸಿದ ಒದ್ದೆ ಬಟ್ಟೆ, ಆವಿ. ಇಡ್ಲಿಯ ವಾಸನೆ ಎಲ್ಲರ ಮನೆಯಲ್ಲೂ ಬರುತ್ತದೆ. ಈ ಬಟ್ಟೆಯ ವಾಸನೆ ಮಾತ್ರ ಹೋಟೆಲಿನದೇ. ಎಷ್ಟು ಒಗೆದರೂ, ಬಿಸಿಲಿಗೆ ಹಾಕಿದರೂ ಅದು ಹೋಗುವುದಿಲ್ಲ.

ಮೂರು ವರ್ಷದ ಹಿಂದಿನ ಮಳೆಗಾಲ ಆ ವಾಸನೆಯ ಬೆನ್ನಿಗೇ ಬಂತು. ಬಾಬಣ್ಣ "ಕೂತ್ಕಣಿ ಅಕ್ಕ" ಎಂದು ಸ್ಟೂಲು ಎಳೆದು ಕೊಟ್ಟ. ಕೂತೆ. ಅತ್ತ ಕಡೆ ತೊಟ್ಟಿಯ ಹತ್ತಿರ ಸರಸು ಬೆನ್ನು ಮಾಡಿಕೊಂಡು ತಟ್ಟೆ ತಿಕ್ಕುತ್ತಿದ್ದಳು.

ಮದ್ರಾಸಿನ ರಾಯಪುರಂನಲ್ಲಿ ನಮ್ಮ ಅಪ್ಪಯ್ಯನ ಹೋಟೆಲಿತ್ತು. ಬಂದರಿಗೆ ಕೆಲಸಕ್ಕೆ ಹೋಗುವವರು, ಮೀನು ಇಳಿಸಿ ಬಂದವರು ಬೆಳಕು ಹರಿಯುವ ಮೊದಲೇ ಬಾಗಿಲ ಮುಂದೆ ನಿಂತಿರುತ್ತಿದ್ದರು. ಅಪ್ಪಯ್ಯ ಎಳೆಯ ವಯಸ್ಸಿನಲ್ಲೇ ಕುಂದಾಪುರದ ಕಡೆಯಿಂದ ಬಂದವರು. ಗಿರಾಕಿಗಳ ಜೊತೆ ತಮಿಳು, ಅಡುಗೆಮನೆಯೊಳಗೆ ಊರಿನ ಮಾತು. ಗಲ್ಲಾದ ಮೇಲೆ ದೇವರ ಪಟಗಳ ಸಾಲಿನಲ್ಲಿ ಗೋಡೆಗಡಿಯಾರವೊಂದಿತ್ತು. ಅದಕ್ಕೂ ದಿನಾ ಹೂವು ಏರಿಸುತ್ತಿದ್ದರೇ ಹೊರತು ಯಾರೂ ಅದನ್ನು ನೋಡುತ್ತಿರಲಿಲ್ಲ. ನಮ್ಮಲ್ಲಿ ಹೊತ್ತು ಹೇಳುತ್ತಿದ್ದದ್ದು ಇಡ್ಲಿ. ಒಮ್ಮೆ ಒಲೆಗೇರಿಸಿ ಬೇಯಿಸಿ ಇಳಿಸಿದರೆ ಅದು ಒಂದು ಒಬ್ಬೆ. ಮೊದಲನೇ ಒಬ್ಬೆ ಇಳಿದರೆ ಬಾಗಿಲು ತೆಗೆಯುವುದು, ಎರಡನೆಯದು ಇಳಿಯುವಾಗ ಹಾಲಿನವನು, ಆಮೇಲೆ ಕಾಯಿ ತುರಿಯುವುದು, ಮಧ್ಯಾಹ್ನ ಅನ್ನ ಬಸಿಯುವುದು, ಸಂಜೆ ಮತ್ತೆ ಇಡ್ಲಿ. ನಾನು ಹುಟ್ಟಿದ ಗಳಿಗೆ ಯಾವುದೆಂದು ಜೋಯಿಸರು ಕೇಳಿದಾಗ ಅಪ್ಪಯ್ಯ "ಎರಡ್ನೇ ಒಬ್ಬೆ ಇಳ್ಸುವತಿಗೆ" ಎಂದರಂತೆ, ಇಳಿಸುವ ಹೊತ್ತಿಗೆ ಎಂದು. ಜೋಯಿಸರು ಅದರ ಮೇಲೆ ಏನೋ ಲೆಕ್ಕ ಹಾಕಿ ಜಾತಕ ಬರೆದರು. ನನಗೆ ಮದುವೆಯಾಗಲಿಲ್ಲ. ಅದು ಜಾತಕದ ದೋಷವೋ ನನ್ನ ಬಾಯಿಯ ದೋಷವೋ ಎಂದು ಅಮ್ಮ ಇದ್ದಷ್ಟು ದಿನ ಚರ್ಚೆಯಾಗುತ್ತಿತ್ತು.

ಸರಸು ನಮ್ಮ ಹೋಟೆಲಿಗೆ ಬಂದದ್ದು ಅವಳ ಅಣ್ಣನ ಜೊತೆ. ಅಣ್ಣ ಸಾಂಬಾರಿನ ಕೆಲಸಕ್ಕೆ, ಇವಳು ತಟ್ಟೆ ಬಟ್ಟೆ ತೊಳೆಯುವುದಕ್ಕೆ. ಅವಳಿಗೆ ಹುಟ್ಟಿನಿಂದಲೇ ಬುದ್ಧಿ ಬೆಳೆದದ್ದು ಕಮ್ಮಿ. ಲೆಕ್ಕ ಬಾರದು, ದಿನದ ಹೆಸರು ತಿಳಿಯದು, ರಸ್ತೆ ದಾಟಿದರೆ ವಾಪಸು ಬರಲಾರಳು. ಆದರೆ ಅವಳು ಒಗೆದ ಇಡ್ಲಿ ಬಟ್ಟೆಗೆ ಹಿಟ್ಟು ಅಂಟುತ್ತಿರಲಿಲ್ಲ. ಅಣ್ಣ ಹೆಚ್ಚಿನ ಸಂಬಳಕ್ಕೆ ಪುಣೆಗೆ ಹೋಗುವ ಮೊದಲು ನಮ್ಮಲ್ಲೇ ಸಪ್ಲೈಗಿದ್ದವನೊಬ್ಬನಿಗೆ ಅವಳನ್ನು ಮದುವೆ ಮಾಡಿಕೊಟ್ಟ. ಆ ಮಹಾನುಭಾವ ಹೆಂಡತಿಗೆ ಐದು ತಿಂಗಳಾಗಿದ್ದಾಗ ಸಿನೆಮಾಕ್ಕೆ ಹೋಗಿ ಬರುತ್ತೇನೆಂದು ಹೋದವನು ಇವತ್ತಿನವರೆಗೆ ಬಂದಿಲ್ಲ. ಸಿನೆಮಾ ಉದ್ದವಿರಬೇಕು ಎಂದು ಬಾಬಣ್ಣ ಹೇಳುತ್ತಿದ್ದ.

ಮಗು ಹುಟ್ಟಿತು, ಹೆಣ್ಣು. ಪುಟ್ಟಿ ಎಂದು ಕರೆದೆವು. ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ತಾಯಿ ಮಗಳು. ಸವೆದು ಮೆತ್ತಗಾದ ಹಳೆಯ ಇಡ್ಲಿ ಬಟ್ಟೆಗಳೇ ಪುಟ್ಟಿಗೆ ಹಾಸಲು, ಹೊದೆಯಲು, ಸುತ್ತಲು. ಒಬ್ಬೆ ಇಳಿದಾಗಲೆಲ್ಲ ಬಾಬಣ್ಣ ಆವಿಯ ಒಳಗಿನಿಂದಲೇ "ಸರಸೂ, ಇಡ್ಲಿ ಇಳೀತ್" ಎಂದು ಕೂಗುತ್ತಿದ್ದ. ಅವಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಕೋಣೆಗೆ ಹೋಗುತ್ತಿದ್ದಳು. ಬಟ್ಟೆ ತೊಳೆಯಲು ಕರೆಯುವುದು, ಹೋಗುತ್ತಾಳೆ ಎಂದಷ್ಟೇ ನಾನು ತಿಳಿದಿದ್ದೆ. ಮಗು ದುಂಡಗೆ ಬೆಳೆಯುತ್ತಿತ್ತು. ಗಿರಾಕಿಗಳು ಎತ್ತಿಕೊಂಡು ಹೋಗಿ ಸಮುದ್ರ ತೋರಿಸಿ ತರುತ್ತಿದ್ದರು.

ಆ ವರ್ಷ ದೀಪಾವಳಿಗೆ ಮುಂಚೆ ಹೋಟೆಲು ಮುಚ್ಚಿತು. ಕಟ್ಟಡದವರು ಜಾಗ ಮಾರಿದರು. ಅಪ್ಪಯ್ಯ ಅದರ ಹಿಂದಿನ ವರ್ಷವೇ ಪಾರ್ಶ್ವವಾಯು ಬಡಿದು ಮಲಗಿದ್ದರು, ಎದುರು ನಿಂತು ಮಾತಾಡುವವರು ಯಾರೂ ಇರಲಿಲ್ಲ. ನಾನು ಶೋಳಿಂಗನಲ್ಲೂರ್‌ನ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದೆ. ಬೆಳಿಗ್ಗೆ ಕ್ಯಾಬ್ ಹತ್ತಿದರೆ ನಗರದ ಈ ತುದಿಯಿಂದ ಆ ತುದಿ. ದೊಡ್ಡ ಪಾತ್ರೆಗಳನ್ನು ಲಾರಿಗೆ ಹಾಕುವ ದಿನವೂ ನನಗೆ ರಜೆ ಸಿಗಲಿಲ್ಲ. ಬಾಬಣ್ಣ ಕೋಡಂಬಾಕ್ಕಂಗೆ ಹೋದ, ಉಳಿದವರು ಊರಿಗೆ. ಸರಸುವಿನ ಅಣ್ಣನಿಗೆ ಫೋನ್ ಮಾಡಿದೆ.

"ಅಲ್ಲೇ ಎಲ್ಲಾದ್ರೂ ಕೆಲ್ಸಕ್ ಸೇರ್ಸಿ ಅಕ್ಕ," ಎಂದ. "ನಂದೇ ಒಂದ್ ಕೋಣಿ, ಅದ್ರಲ್ ಆರ್ ಜನ. ಇಲ್ ತಂದ್ ಎಂತ ಮಾಡುದ್?"

ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ತಾಯಿ ಮಗು ಇಬ್ಬರನ್ನೂ ನಮ್ಮ ಫ್ಲ್ಯಾಟಿಗೆ ಕರೆದುಕೊಂಡು ಬಂದೆ.

ಮದ್ರಾಸಿನಲ್ಲಿ ಮಳೆಗಾಲ ಹಿಡಿಯುವುದೇ ದೀಪಾವಳಿಯ ಹೊತ್ತಿಗೆ, ಮಳೆ ಆಗ ಶುರುವಾಯಿತು. ಅಪ್ಪಯ್ಯನನ್ನು ನೋಡಿಕೊಳ್ಳುವ ಹೆಂಗಸು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬಂದು ಹೋಗುತ್ತಿದ್ದಳು. ನಡುವೆ ಇಡೀ ದಿನ ಮನೆಯಲ್ಲಿ ಮಾತು ನಿಂತ ಮುದುಕ, ಸರಸು, ಪುಟ್ಟಿ. ನಾನು ಗಂಜಿ ಮಾಡಿಟ್ಟು, ಹಾಲು ಕಾಯಿಸಿಟ್ಟು, ಹಳೆಯ ಮೊಬೈಲೊಂದರಲ್ಲಿ ಅಲಾರಂ ಇಟ್ಟು ಹೋಗುತ್ತಿದ್ದೆ. ಅಲಾರಂ ಕೂಗಿದರೆ ಸರಸು ಹೆದರಿ ಅದನ್ನು ದಿಂಬಿನ ಅಡಿಗೆ ತುರುಕುತ್ತಿದ್ದಳು. ಸಂಜೆ ಬಂದು ನೋಡಿದರೆ ಗಂಜಿ ಹಾಗೇ ಇರುತ್ತಿತ್ತು. ಮಗು ಅತ್ತು ಅತ್ತು ಸೋತು ಮಲಗಿರುತ್ತಿತ್ತು. ಇವಳು ಗೋಡೆಗೆ ಒರಗಿ, ಅಡುಗೆಮನೆಯ ಕಡೆಗೇ ಮುಖ ಮಾಡಿ ಕೂತಿರುತ್ತಿದ್ದಳು.

"ಪುಟ್ಟಿ ಮರ್ಕ್ತಿತ್ ಅಕ್ಕ," ಎನ್ನುತ್ತಿದ್ದಳು. ಅಳುತ್ತಿತ್ತು ಎಂದು. "ಹೊತ್ತ್ ಆಯ್ಲಿಲ್ಲ ಅಲ್ದಾ?"

ಯಾವ ಹೊತ್ತು ಎಂದು ಬೈದೆ. ಬೈದರೆ ಅವಳು ನಗುತ್ತಿದ್ದಳು. ಬೈಗುಳದ ದನಿ ಅವಳಿಗೆ ಬಾಲ್ಯದಿಂದ ಅಭ್ಯಾಸ.

ಪುಟ್ಟಿ ಇಳಿದುಹೋಯಿತು. ಒಂದು ಮಧ್ಯಾಹ್ನ ಅಳು ಕೇಳಲಾರದೆ ಮೇಲಿನ ಮನೆಯವರು ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದರು. ಅವರು ಮಾಡಿದ್ದು ಸರಿ. ಬಂದವರು ನೋಡಿದಾಗ ಮಗುವಿಗೆ ಭೇದಿ ಹಿಡಿದು ಕಣ್ಣು ಒಳಗೆ ಹೋಗಿತ್ತು. ಮೊದಲು ಆಸ್ಪತ್ರೆಗೆ, ಅಲ್ಲಿಂದ ತಾಯಿ ಮಗು ಇಬ್ಬರನ್ನೂ ಒಂದು ಆಶ್ರಯಧಾಮಕ್ಕೆ ಕರೆದೊಯ್ದರು. ಇವಳಿಂದ ಮಗುವನ್ನು ಸಾಕಲು ಆಗುತ್ತದೋ ಇಲ್ಲವೋ ಎಂದು ಕೆಲವು ವಾರ ನೋಡುತ್ತೇವೆ, ಆಮೇಲೆ ಮಕ್ಕಳ ಕಲ್ಯಾಣ ಸಮಿತಿ ತೀರ್ಮಾನ ಮಾಡುತ್ತದೆ ಎಂದರು. ಆಗುವುದಿಲ್ಲ ಎಂದಾದರೆ ಏನು ಎಂದು ಕೇಳಿದೆ. ಮಗುವನ್ನು ದತ್ತು ಕೊಡಲು ಬಿಡುಗಡೆ ಮಾಡುತ್ತಾರೆ ಎಂದರು. ತಾಯಿಯ ಹಕ್ಕು ಅಲ್ಲಿಗೆ ಮುಗಿಯಿತು ಎಂದರ್ಥ.

ಸರಸುವಿಗೆ ತಮಿಳು ಬಾರದು. ಬೆಂಗಳೂರಿನ ಕನ್ನಡವೂ ಅಷ್ಟಕ್ಕಷ್ಟೇ. ಹಾಗಾಗಿ ಅವಳ ಮಾತನ್ನು ತಮಿಳಿಗೆ ಹೇಳಲು ನನ್ನನ್ನೇ ಕರೆದರು. ಉದ್ದ ಮೇಜಿನ ಆಚೆ ಸಮಿತಿಯ ಅಧ್ಯಕ್ಷೆ, ವಯಸ್ಸಾದವರು, ಹತ್ತಿ ಸೀರೆ. ಅವರ ಪಕ್ಕದಲ್ಲಿ ಇಬ್ಬರು ಸದಸ್ಯರು, ಒಬ್ಬ ಮನೋವೈದ್ಯೆ. ಕಿಟಕಿಯ ಹೊರಗೆ ಮಳೆ. ಶುರುವಿನಲ್ಲೇ ಅಧ್ಯಕ್ಷೆ ನನಗೆ ಹೇಳಿದರು, "ಅವಂಗ ಸೊಲ್ರದ ಮಟ್ಟುಂ ಸೊಲ್ಲುಂಗಮ್ಮಾ." ಅವಳು ಹೇಳಿದ್ದನ್ನು ಮಾತ್ರ ಹೇಳಬೇಕು, ನನ್ನದೇನೂ ಸೇರಿಸಬಾರದು. ನಾನು ಒಪ್ಪಿದೆ.

ಬಣ್ಣ ಕೇಳಿದರು, ಬೆರಳು ಎಣಿಸಿ ಎಂದರು, ಇವತ್ತು ಯಾವ ವಾರ ಎಂದರು. ಸರಸು ನನ್ನ ಮುಖ ನೋಡಿದಳು. ನಾನು ಮೇಜು ನೋಡಿದೆ.

ವೈದ್ಯೆ ಕೇಳಿದರು, "ಮಗುವಿಗೆ ಯಾವಾಗ ಯಾವಾಗ ಹಾಲು ಕೊಡುತ್ತೀರಿ?"

ಇದಕ್ಕೆ ಅವಳು ತಡಮಾಡಲಿಲ್ಲ. "ಇಡ್ಲಿ ಇಳ್ಸುವತಿಗೆ."

ಆಗ ನನಗೆ ಹೊಳೆಯಿತು. ಬಾಬಣ್ಣ ಕೂಗುತ್ತಿದ್ದದ್ದು ಬಟ್ಟೆಗಲ್ಲ, ಮಗುವಿನ ಹಾಲಿಗೆ. ಸ್ನಾನ ಯಾವಾಗ ಎಂದರೆ ಕಾಯಿ ತುರಿಯುವಾಗ ಎಂದಳು, ಮಲಗಿಸುವುದು ಅನ್ನ ಬಸಿದ ಮೇಲೆ ಎಂದಳು. ಅವಳ ಮಟ್ಟಿಗೆ ನನ್ನ ಫ್ಲ್ಯಾಟಿನಲ್ಲಿ ಆ ಹೊತ್ತುಗಳು ಬರಲೇ ಇಲ್ಲ. ಆಶ್ರಯಧಾಮದಲ್ಲೂ ಬಂದಿರಲಿಲ್ಲ. ಅಲ್ಲಿ ಇಡ್ಲಿ ವಾರಕ್ಕೊಮ್ಮೆ, ಅದೂ ಅಡುಗೆಮನೆ ಇನ್ನೊಂದು ಕಟ್ಟಡದಲ್ಲಿ. ನಾನು ಅವಳ ಮಾತನ್ನು ಹಾಗೆ ಹಾಗೇ ತಮಿಳಿನಲ್ಲಿ ಹೇಳಿದೆ. ಸದಸ್ಯರೊಬ್ಬರು ಇಷ್ಟು ಸಣ್ಣ ಮಗುವಿಗೆ ಇಡ್ಲಿಯಾ ಎಂದರು. ನಾನು ಬಾಯಿ ಬಿಡುವ ಹಾಗಿರಲಿಲ್ಲ.

ಕೊನೆಗೆ, ನಿಮಗೆ ಹೇಳುವುದಿದ್ದರೆ ಹೇಳಿ ಎಂದು ಅವರೇ ಅಂದರು. ಎಲ್ಲ ಹೇಳಿದೆ. ಅಪ್ಪಯ್ಯ, ಒಬ್ಬೆ, ನನ್ನ ಜಾತಕದ ಕಥೆಯನ್ನೂ ಹೇಳಿದೆ. ಅಧ್ಯಕ್ಷೆ ಸ್ವಲ್ಪ ನಕ್ಕರು. ವೈದ್ಯೆ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. ನನ್ನಷ್ಟೇ ವಯಸ್ಸಿನವರು, ಕಣ್ಣಿನ ಸುತ್ತ ದಣಿವು.

"ನೀವು ಹೇಳುವುದನ್ನು ನಂಬುತ್ತೇನೆ," ಎಂದರು. "ಆ ಹೋಟೆಲಿನಲ್ಲಿ ಅವರು ಒಳ್ಳೆಯ ತಾಯಿಯೇ ಇದ್ದಿರಬೇಕು. ಈಗ ಆ ಹೋಟೆಲು ಎಲ್ಲಿದೆ?"

ಮನೆಯಲ್ಲೇ ಹಾಗೆ ವ್ಯವಸ್ಥೆ ಮಾಡುತ್ತೇನೆ ಎಂದೆ. ನೀವು ಕೆಲಸಕ್ಕೆ ಹೋದ ಮೇಲೆ ಇಡ್ಲಿ ಇಳಿಸುವವರು ಯಾರು ಎಂದು ಅಧ್ಯಕ್ಷೆ ಕೇಳಿದರು. ಮಗುವಿಗೆ ಜ್ವರ ಬಂದರೆ ಯಾವ ಒಬ್ಬೆಗೆ ಮದ್ದು ಕೊಡುತ್ತಾರೆ ಎಂದು ವೈದ್ಯೆ ಕೇಳಿದರು. ಅವರು ಜೋರು ಮಾಡಿ ಕೇಳಲಿಲ್ಲ. ನನ್ನಲ್ಲಿ ಉತ್ತರವಿದ್ದರೆ ಬರೆದುಕೊಳ್ಳುವುದಕ್ಕೆ ತಯಾರಾಗಿಯೇ ಇದ್ದರು. ನಾನು ಕೆಲಸ ಬಿಟ್ಟರೆ ಅಪ್ಪಯ್ಯನ ಔಷಧವೂ ಇಲ್ಲ, ಮನೆಯೂ ಇಲ್ಲ. ಮುಂದಿನ ಸಭೆಯವರೆಗೆ ಸಮಯ ಕೇಳಿದೆ, ಕೊಟ್ಟರು.

ಆ ಭಾನುವಾರಗಳಲ್ಲಿ ನಾನು ನಮ್ಮವರ ಹೋಟೆಲುಗಳನ್ನು ಹುಡುಕಿಕೊಂಡು ಮಳೆಯಲ್ಲಿ ತಿರುಗಿದೆ. ತಾಯಿ ಮಗು ಇಬ್ಬರಿಗೂ ಅಡುಗೆಮನೆಯ ಹಿಂದೆ ಒಂದು ಕೋಣೆ, ಹೊತ್ತಿಗೆ ಕೂಗುವವರು ಒಬ್ಬರು, ಇಷ್ಟೇ ಬೇಕಾಗಿದ್ದದ್ದು. ಹೋದಲ್ಲೆಲ್ಲ ಕಾಫಿ ಕೊಟ್ಟರು, ಅಪ್ಪಯ್ಯನ ಆರೋಗ್ಯ ಕೇಳಿದರು. ಈಗ ಯಾರೂ ಕೆಲಸದವರನ್ನು ಹೋಟೆಲಿನಲ್ಲಿ ಮಲಗಿಸುವುದಿಲ್ಲ. ಬಾಬಣ್ಣ ಹೇಳಿ ನೋಡಿದ ಮೇಲೆ ಕೋಡಂಬಾಕ್ಕಂನ ಮಾಲೀಕ ಸರಸುವಿಗೆ ಕೆಲಸ ಕೊಡಲು ಒಪ್ಪಿದ. ಅವನ ಅಜ್ಜನ ಕಾಲದಿಂದ ಮದ್ರಾಸಿನಲ್ಲೇ ಇರುವವರು. ಮೂವತ್ತರ ಹುಡುಗ, ಬಹಳ ಮರ್ಯಾದೆ.

"ಅಕ್ಕ, ನೀವು ಸೊಲ್ರದು ಪುರಿಯುತ್ತೆ," ಎಂದ. ನೀವು ಹೇಳುವುದು ಅರ್ಥವಾಗುತ್ತದೆ ಎನ್ನುವುದನ್ನು ಇಲ್ಲಿಯ ಮಕ್ಕಳು ಹೀಗೆಯೇ ಹೇಳುವುದು. "ಅವರನ್ನ ಬೇಕಾದ್ರೆ ಬಾಬಣ್ಣನ ಫ್ಯಾಮಿಲಿ ಜೊತೆ ಇಟ್ಕೊಳ್ಳೋಣ. ಆದ್ರೆ ಮಗು ಕಿಚನ್‌ನಲ್ಲಿ ಇದ್ರೆ ಇನ್ಸ್‌ಪೆಕ್ಷನ್‌ಗೆ ಬರೋವ್ರಿಗೆ ಏನಂತ ಸೊಲ್ಲೋದು? ಬಿಸಿನೀರು, ಎಣ್ಣೆ ಎಲ್ಲಾ ಇರುತ್ತೆ ಅಲ್ವಾ?"

ಪುಟ್ಟಿ ಆಗ ಅಂಬೆಗಾಲಿಡಲು ಶುರು ಮಾಡಿತ್ತು. ಅವನ ಮಾತೂ ನಿಜವೇ. ಆ ಮಳೆಗಾಲದಲ್ಲಿ ನಾನು ಭೇಟಿಯಾದವರೆಲ್ಲ ನಿಜವನ್ನೇ ಹೇಳಿದರು. ಸಿಟ್ಟು ಮಾಡಲು ಒಬ್ಬನಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು. ಸಿನೆಮಾಕ್ಕೆ ಹೋದವನನ್ನು ನೆನೆದು ಸಿಟ್ಟು ಮಾಡಿಕೊಳ್ಳಲು ಪ್ರಯತ್ನಿಸಿದೆ. ಅವನ ಮುಖವೇ ನನಗೆ ನೆನಪಾಗಲಿಲ್ಲ.

ಮಾರ್ಗಳಿ, ನಮ್ಮ ಧನುರ್ಮಾಸ, ಹಿಡಿಯುವ ಹೊತ್ತಿಗೆ ಕೊನೆಯ ಸಭೆ. ಸಮುದ್ರದಲ್ಲಿ ವಾಯುಭಾರ ಕುಸಿದು ಎರಡು ದಿನದಿಂದ ಬಿಡದೆ ಸುರಿಯುತ್ತಿತ್ತು, ಸಬ್‌ವೇಗಳಲ್ಲಿ ನೀರು. ಆಟೊದವನು ಅರ್ಧದಲ್ಲಿ ಇಳಿಸಿದ. ಮೊಣಕಾಲವರೆಗೆ ಒದ್ದೆಯಾಗಿ ಹೋಗಿ ಕೂತೆ. ಸರಸು ಮೊದಲೇ ಬಂದು ಬೆಂಚಿನಲ್ಲಿದ್ದಳು, ಪುಟ್ಟಿ ಆಶ್ರಯಧಾಮದ ಆಯಾಳ ಸೊಂಟದಲ್ಲಿತ್ತು. ಧಾಮದವರು ಹೊಟ್ಟೆ ತುಂಬ ಹಾಕಿ ನೋಡಿಕೊಂಡಿದ್ದರು, ಕೆನ್ನೆ ಮತ್ತೆ ತುಂಬಿತ್ತು. ಅದನ್ನು ನೋಡಿ ನನಗೆ ಸಂತೋಷವಾಗಬೇಕಿತ್ತು.

ವೈದ್ಯರ ಮಂಡಳಿಯ ಅಭಿಪ್ರಾಯ ಬಂದಾಗಿತ್ತು. ಅಧ್ಯಕ್ಷೆ ಆದೇಶವನ್ನು ನಿಧಾನವಾಗಿ ಓದಿದರು. ತಾಯಿಯ ಬುದ್ಧಿಶಕ್ತಿಯ ಸ್ಥಿತಿಯಿಂದಾಗಿ ಮಗುವನ್ನು ಸ್ವತಂತ್ರವಾಗಿ ಸಾಕುವ ಸಾಮರ್ಥ್ಯ ಆಕೆಗಿಲ್ಲ, ಬೇರೆ ಸಂಬಂಧಿಕರು ಮುಂದೆ ಬಂದಿಲ್ಲ, ಮಗು ದತ್ತು ಕೊಡಲು ಮುಕ್ತ. ಇಂಥ ತಾಯಿಯಾದ್ದರಿಂದ ಅವಳ ಒಪ್ಪಿಗೆಯ ಅಗತ್ಯವಿಲ್ಲ ಎಂದೂ ಅದರಲ್ಲಿತ್ತು. ಅಗತ್ಯವಿಲ್ಲದ ಮೇಲೆ ನನ್ನ ತರ್ಜುಮೆಯೂ ಬೇಕಾಗಿಲ್ಲ, ಬಚಾವಾದೆ ಎಂದುಕೊಂಡೆ. ಅಧ್ಯಕ್ಷೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಆನಾಲುಂ ಸೊಲ್ಲುಂಗ" ಎಂದರು. ಆದರೂ ಹೇಳಿ.

ನಮ್ಮ ಊರಿನ ಮಾತಿನಲ್ಲಿ ಇದನ್ನು ಯಾರೂ ಯಾರಿಗೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಸತ್ತ ಸುದ್ದಿ ಹೇಳುವ ಕ್ರಮವಿದೆ, ಸಂಬಂಧ ಮುರಿದದ್ದನ್ನು ಹೇಳುವ ಕ್ರಮವಿದೆ.

"ಸರಸು, ಇನ್ ಮೇಲೆ ಪುಟ್ಟಿನ ಬೇರೆ ಮನಿಯರ್ ಸಾಕ್ತ್ರ್," ಎಂದೆ. "ಅವ್ರೇ ಅದ್ರ ಅಪ್ಪ ಅಬ್ಬಿ. ಅದ್ ಇನ್ ನಿನ್ ಮಗ್ಳಲ್ಲ."

ಹೇಳುವಾಗ ನನಗೆ ಏನೂ ಅನ್ನಿಸಲಿಲ್ಲ. ಹಲ್ಲು ಕೀಳಿಸಿಕೊಂಡ ದಿನ ತುಟಿ ತನ್ನದಲ್ಲ ಎನ್ನಿಸುತ್ತದಲ್ಲ, ಹಾಗೆ ಮಾತು ಹೊರಗೆ ಬಿತ್ತು.

ಸರಸು ಮಗುವನ್ನು ನೋಡಿದಳು, ಅಧ್ಯಕ್ಷೆಯನ್ನು ನೋಡಿದಳು, ಕೊನೆಗೆ ನನ್ನನ್ನು. "ಆ ಮನೇಲ್ ಇಡ್ಲಿ ಮಾಡ್ತ್ರಾ ಅಕ್ಕ?"

ಅವಳು ಹೇಳಿದ್ದನ್ನು ಮಾತ್ರ ಹೇಳಬೇಕು. ಹೇಳಿದೆ. ಇಷ್ಟು ಸಣ್ಣ ಮಗುವಿಗೆ ಇಡ್ಲಿಯಾ ಎಂದಿದ್ದ ಸದಸ್ಯರು ಕಿಟಕಿಯ ಕಡೆ ತಿರುಗಿದರು. ವೈದ್ಯೆ ತಲೆಯೆತ್ತಲಿಲ್ಲ. ಅಧ್ಯಕ್ಷೆ, "ಎಲ್ಲಾರ್ ವೀಟ್ಲೆಯುಂ ಇಡ್ಲಿ ಉಂಡುನ್ನು ಸೊಲ್ಲುಂಗ" ಎಂದರು. ಎಲ್ಲರ ಮನೆಯಲ್ಲೂ ಇಡ್ಲಿ ಇದೆ ಎಂದು ಹೇಳಿ ಎಂದು.

"ಮಾಡ್ತ್ರಂಬ್ರ್," ಎಂದೆ. ಮಾಡುತ್ತಾರಂತೆ ಎಂದು.

ಅವಳಿಗೆ ಅಷ್ಟು ಸಾಕಾಯಿತು. ಪಕ್ಕದಲ್ಲಿದ್ದ ಚೀಲದಿಂದ ಮಡಚಿದ ಹಳೆಯ ಇಡ್ಲಿ ಬಟ್ಟೆಗಳನ್ನು ತೆಗೆದು ಆಯಾಳ ಕೈಗೆ ಕೊಟ್ಟಳು. ಆಯಾ ತೆಗೆದುಕೊಂಡಳು. ಪುಟ್ಟಿಗೆ ಬಟ್ಟೆಯ ಗುರುತು ಸಿಕ್ಕಿತೋ ಏನೋ, ಅದರ ಕಡೆ ಕೈ ಚಾಚಿತು. ಆಯಾ ಪುಟ್ಟಿಯನ್ನು ಒಳಗೆ ಕರೆದೊಯ್ದ ಮೇಲೆ ನಾನು, ಸರಸು ಹೊರಗೆ ಬಂದೆವು, ಮಳೆ ಕಮ್ಮಿಯಾಗುವವರೆಗೆ ಮೆಟ್ಟಿಲ ಮೇಲೆ ನಿಂತೆವು. ಮರುದಿನ ನಾನು ಕ್ಯಾಬ್ ಹತ್ತಿ ಕೆಲಸಕ್ಕೆ ಹೋದೆ. ದಾರಿಯುದ್ದಕ್ಕೂ ಜನ ಅಂಗಡಿಗಳಿಂದ ನೀರು ಹೊರಗೆ ಗುಡಿಸುತ್ತಿದ್ದರು. ಆ ವಾರವೇ ಬಾಬಣ್ಣ ಬಂದು ಸರಸುವನ್ನು ಕರೆದುಕೊಂಡು ಹೋದ.

ಪುಟ್ಟಿ ಯಾರ ಮನೆಗೆ ಹೋಯಿತು ಎಂದು ನಮಗೆ ಹೇಳುವ ಹಾಗಿಲ್ಲ. ಒಮ್ಮೆ ದಾರಿಯಲ್ಲಿ ಸಿಕ್ಕಿದ ಆಯಾ ಮಾತ್ರ, ಬಂದವರು ಹಿಂದಿ ಮಾತಾಡುತ್ತಿದ್ದರು, ಒಳ್ಳೆಯ ಜನ, ರೈಲಿನಲ್ಲಿ ಎರಡು ದಿನದ ದಾರಿಯಂತೆ ಎಂದಳು. ಅಲ್ಲಿ ಬೆಳಿಗ್ಗೆ ಏನು ತಿನ್ನುತ್ತಾರೋ. ರೊಟ್ಟಿಯಿರಬೇಕು. ಅದನ್ನು ನಾನು ಸರಸುವಿಗೆ ಹೇಳಿಲ್ಲ. ಅಪ್ಪಯ್ಯ ಅದರ ಮುಂದಿನ ಬೇಸಿಗೆಯಲ್ಲಿ ತೀರಿಹೋದರು. ಈಗ ನನ್ನ ಮನೆಯಲ್ಲಿ ಇಡೀ ದಿನ ಯಾರೂ ಇರುವುದಿಲ್ಲ. ಈಗಾಗಿದ್ದರೆ, ಎಂದು ಕೆಲವು ಸಲ ಯೋಚನೆ ಶುರುವಾಗುತ್ತದೆ. ಆಗ ಎದ್ದು ಟಿವಿ ಹಾಕುತ್ತೇನೆ.

ಕಳೆದ ಭಾನುವಾರ ಸ್ಟೂಲಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದೆ. ಬಾಬಣ್ಣ ಪಾತ್ರೆಯ ಮುಚ್ಚಳ ತೆಗೆದ. ಆವಿ ಮೇಲೆದ್ದಿತು. ಅವನು ಕೂಗಲಿಲ್ಲ. ಕೂಗುವುದನ್ನು ಬಿಟ್ಟು ಮೂರು ವರ್ಷವಾಯಿತು. ಆದರೂ ತೊಟ್ಟಿಯ ಹತ್ತಿರ ಸರಸು ತಟ್ಟೆ ಕೆಳಗಿಟ್ಟಳು. ಕೈ ತೊಳೆದಳು, ಸೆರಗಿಗೆ ಒರೆಸಿಕೊಂಡಳು, ಅಕ್ಕಿ ಮೂಟೆಗಳ ಪಕ್ಕ ಗೋಡೆಗೆ ಒರಗಿ ಕಾಲು ಮಡಚಿ ಕೂತಳು. ಸೀರೆಯ ಮಡಿಲನ್ನು ಅಗಲ ಮಾಡಿಕೊಂಡಳು. ಮುಂದಿನಿಂದ ಸಪ್ಲೈಯವನು ತಟ್ಟೆ ತಟ್ಟೆ ಎಂದು ಅವಸರ ಮಾಡಿದ. "ಹ್ವಾಯ್, ತಡಿ," ಎಂದ ಬಾಬಣ್ಣ. ಉಳಿದವರು ತಮ್ಮ ಪಾಡಿಗೆ ಈರುಳ್ಳಿ ಹೆಚ್ಚುತ್ತಿದ್ದರು, ಯಾರೂ ಅವಳ ಕಡೆ ನೋಡಲಿಲ್ಲ. ಇಲ್ಲಿ ಇದು ದಿನವೂ ನಡೆಯುತ್ತದೆ.

ಒಂದು ಮಗು ಕುಡಿದು ಮುಗಿಸುವಷ್ಟು ಹೊತ್ತು ಅವಳು ಹಾಗೆ ಕೂತಿದ್ದಳು. ಆಮೇಲೆ ಮಡಿಲು ಕೊಡವಿಕೊಂಡು ಎದ್ದಳು. ಆಗಷ್ಟೇ ನನ್ನನ್ನು ಗಮನಿಸಿ ಹತ್ತಿರ ಬಂದು ನಿಂತಳು. ಕೈಯಿಂದ ಆ ಬಟ್ಟೆಯ ವಾಸನೆ ಬರುತ್ತಿತ್ತು.

"ಈಗಳ್ ಅಲ್ಲೂ ಇಳ್ಸಿರ್ತ್ರ್, ಅಲ್ದಾ ಅಕ್ಕ?"

"ಹೌದ್," ಎಂದೆ. "ಇಳ್ಸಿರ್ತ್ರ್."

ಅವಳು ತಟ್ಟೆ ತೊಳೆಯಲು ಹೋದಳು. ಬಾಬಣ್ಣ ಮುಂದಿನ ಒಬ್ಬೆಗೆ ಹಿಟ್ಟು ಹುಯ್ದ.